ಅಂಚಿನಲ್ಲೊಂದು ಪ್ರಶ್ನೆ

ಆ ಕಾದಂಬರಿಯ ಕರಡು ತಿದ್ದಿದವಳು ನಾನು,
ವಿನಿಫ್ರೆಡ್ ಆಕ್ರಾಯ್ಡ್. ಹ್ಯಾಲಿಫ್ಯಾಕ್ಸಿನ ಅಚ್ಚುಕೂಟದ ಅಟ್ಟದಲ್ಲಿ,
ಎಪ್ಪತ್ತನಾಲ್ಕರ ಚಳಿ, ವಾರಕ್ಕೆ ಮೂರೇ ದಿನ ಕರೆಂಟು,
ಮಿಕ್ಕ ದಿನ ಮೇಣದಬತ್ತಿ.

ಕತೆ ಇಷ್ಟು: ಒಂದು ಊರು. ಹುಟ್ಟಿದ ಏಳನೆಯ ದಿನ
ಕೂಸಿನ ತುಟಿಗೆ ಸರ್ಕಾರ ಜಿಪ್ ಹೊಲಿಸುತ್ತದೆ.
ಬೆಳಿಗ್ಗೆ ಎಂಟಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ
ಗಂಜಿ ಕುಡಿಯುವಷ್ಟು ಹೊತ್ತು ತೆರೆಯಬಹುದು.
ಒಬ್ಬ ಹುಡುಗ ನಡುರಾತ್ರಿ
ಕಂಡವರ ಬಾಯಿ ಬಿಚ್ಚುತ್ತಾ ಹೋಗುತ್ತಾನೆ,
ಮೊದಮೊದಲು ಕರುಣೆಗೆ,
ಆಮೇಲೆ ಮೋಜಿಗೆ.
ಎಂಬತ್ತಮೂರನೆಯ ಪುಟದಲ್ಲಿ ಅವನು ಮಾಡಿದ್ದನ್ನು
ಈವರೆಗೆ ಯಾರಿಗೂ ಹೇಳಿಲ್ಲ.
ಅಲ್ಲಿ ಎರಡು ಅಲ್ಪವಿರಾಮ ಹಾಕಿ
ಎದ್ದು ಹೋಗಿ ಕೈ ತೊಳೆದುಕೊಂಡೆ.

ಬರೆದವನು ಲೌದರ್, ಮೆದು ಮಾತಿನವ.
ಬಂದಾಗಲೆಲ್ಲ ಕೊಡೆ ಮರೆತು ಹೋಗುತ್ತಿದ್ದ.
ಅವನ ಹಾಳೆಯ ಅಂಚಿಗೆ ಸೀಸದಕಡ್ಡಿಯಲ್ಲಿ
ಒಂದೇ ಒಂದು ಪ್ರಶ್ನೆ ಬರೆದಿದ್ದೆ:
‘ನೆಗಡಿ ಬಂದರೆ ಈ ಊರಿನವರು ಏನು ಮಾಡುತ್ತಾರೆ?’
ಅವನು ನಕ್ಕ. ಉತ್ತರ ಬರೆಯಲಿಲ್ಲ.

ಆಮೇಲೆ ನಡೆದದ್ದು ಊರಿಗೇ ಗೊತ್ತು.
ನ್ಯಾಯಾಲಯದಲ್ಲಿ ಓದಿಸಿದರು, ಪಂಚರಲ್ಲೊಬ್ಬ ಮೂರ್ಛೆ ಹೋದ.
ನಿಷೇಧಿಸಿದರು; ಬಿಸಿ ಕಡುಬಿನಂತೆ ಕೈಯಿಂದ ಕೈಗೆ ದಾಟಿತು.
ಬ್ರಾಡ್‌ಫರ್ಡಿನ ನಿಲ್ದಾಣದಲ್ಲಿ ಮುಖವಾಡದ ನಾಲ್ವರು
ಒಬ್ಬ ಹಮಾಲಿಯ ದವಡೆ ಮುರಿದರು.
ಪತ್ರಿಕೆಗಳಿಗೆ ಪುಸ್ತಕವೇ ಸಿಕ್ಕಿತು, ಹಮಾಲಿಯ ಹೆಸರು ಸಿಗಲಿಲ್ಲ.
ಲೌದರನ ತಾಯಿಯ ಕಿಟಕಿಗೆ ಕಲ್ಲು ಬಿತ್ತು.

ಆಮೇಲೆ? ಆಮೇಲೆ ಅಗ್ಗವಾಯಿತು.
ಗಿಟಾರಿನ ಹುಡುಗರು ಜಿಪ್ ತೊಟ್ಟು ಕಿರುಚಿದರು,
ಕಿರುಚುವುದು ಹೇಗೆಂದು ಯಾರೂ ಕೇಳಲಿಲ್ಲ.
ಅತ್ತರಿನ ಜಾಹೀರಾತಿನಲ್ಲಿ ಬೆಳ್ಳಿಯ ಜಿಪ್ಪು, ಕೆಂಪು ತುಟಿ.
ಚಹಾದ ಲೋಟ, ಕೀಲಿಗೊಂಚಲು, ಮೊಮ್ಮಗನ ಮೊಣಕೈ ಮೇಲಿನ ಹಚ್ಚೆ.
‘ಪುಸ್ತಕ ಓದಿದ್ದೀಯೇನೋ?’ ಎಂದರೆ
‘ಪುಸ್ತಕವೂ ಇದೆಯಾ ಅಜ್ಜಿ?’

ನಿನ್ನೆ ಹ್ಯಾಲೋವೀನ್. ಬಾಗಿಲು ಬಡಿದ ಸದ್ದು.
ಮೂರಡಿ ಎತ್ತರದ ಭೂತ, ಸೂಪರ್‌ಮಾರ್ಕೆಟ್ಟಿನ ಮುಖವಾಡ,
ತುಟಿಯ ಜಾಗದಲ್ಲಿ ಅದೇ ಜಿಪ್ಪು,
ಲೌದರ್ ಬರೆದಂತೆಯೇ ಎಡದಿಂದ ಬಲಕ್ಕೆ.
ನನ್ನ ಬೆನ್ನಲ್ಲಿ ಎಂಬತ್ತಮೂರನೆಯ ಪುಟ ಮಗುಚಿತು.
ಟಾಫಿಯ ಬಟ್ಟಲು ಹಿಡಿದವಳು ಹಾಗೇ ನಿಂತೆ.

ಭೂತ ಒಮ್ಮೆ ಸೊರ್ರೆಂದಿತು, ಇನ್ನೊಮ್ಮೆ ಸೊರ್ರೆಂದಿತು,
ಕೈಚೀಲ ಬಿಸಾಕಿ, ಎರಡೂ ಕೈಯಿಂದ
ಜಿಪ್ಪನ್ನು ಪರ್ರನೆ ಎಳೆದು
ಬಾಯಿ ಅಗಲಿಸಿ ಗಾಳಿ ಕುಡಿಯಿತು.
‘ಮೂಗು ಕಟ್ಟಿದೆ,’ ಎಂದಿತು, ಕೊಂಚ ನಾಚಿ.
‘ಇದರೊಳಗೆ ಆಗೋದಿಲ್ಲ.’

ನಲವತ್ತೆಂಟು ವರ್ಷವೋ, ಐವತ್ತೋ.
ಕೈವಸ್ತ್ರ ಕೊಟ್ಟೆ. ಟಾಫಿ ಎರಡು ಹೆಚ್ಚಿಗೆ ಕೊಟ್ಟೆ.
ಒಳಗೆ ಬಂದು ಸೀಸದಕಡ್ಡಿ ಹುಡುಕಿದೆ,
ಬರೆಯಲು ಅಂಚು ಎಲ್ಲಿದೆ ಈಗ.