ಕಾಜಾ ಇಲ್ಲದ ಗುಂಡಿ

ಪರೇಲಿನ ಚಾಳಿನ ಮೆಟ್ಟಿಲ ಕೆಳಗೆ, ಆರಡಿ ಅಂಗಡಿಯಲ್ಲಿ
ಮೂವತ್ತೊಂದು ವರ್ಷ ಅಂಗಿಗಳಿಗೆ ಕಣ್ಣು ಕೊರೆದವನು ನಾನು.
ಕಾಜಾ ಒಂದಕ್ಕೆ ನಾಲ್ಕಾಣೆ ಇದ್ದಾಗ ಶುರು.
ಮಷೀನು ಮಾರಿದೆ, ಕಬ್ಬಿಣದ ಸ್ಟ್ಯಾಂಡು ಉಳಿಯಿತು.
ಅದರ ಮೇಲೀಗ ಎರಡಡಿ ಗಾಜು,
ಐವತ್ತು ಲೀಟರ್ ಕಡಲು.

ಕುರ್ಲಾದ ಮೀನಿನಂಗಡಿಯ ತೌಫಿಕ್
"ಬಟನ್ ಹೈ, ಚಾಚಾ" ಅಂದಿದ್ದ. ಅಷ್ಟೇ ಸಾಕಾಯಿತು.
ಬಟನ್ ಎಂದರೆ ನನ್ನ ಕೈ ಸುಮ್ಮನಿರುವುದಿಲ್ಲ.
ಒಂದು ಕಲ್ಲು, ಒಂಬತ್ತು ಬಾಯಿ,
ಅಂಚಿಗೆ ರೆಪ್ಪೆ, ನಡುವೆ ಕಿತ್ತಳೆ, ಸುತ್ತ ಪಾಚಿಯ ಹಸಿರು.
ನೀಲಿ ದೀಪ ಹತ್ತಿದರೆ ಬಿಚ್ಚುತ್ತವೆ,
ಏನಾದರೂ ತಾಗಿದರೆ ಮುಚ್ಚುತ್ತವೆ,
ದಾರ ಬೇಡ, ಕಾಜಾ ಬೇಡ.

ಮಹಾನಂದಾ ಅಂದಳು:
"ಹಾಜಿ ಅಲಿ ದರಿಯಾ ಬಸ್ಸಿನ್ಯಾಗ ಹತ್ತು ರೂಪಾಯಿ ದೂರ ಐತಿ.
ನೀವು ಸಾವಿರಗಟ್ಟಲೆ ಕೊಟ್ಟು ಬಕೆಟ್ ಉಪ್ಪು ತಂದು
ಸೋಸಿದ ನೀರಿಗೆ ಸಮುದ್ರ ಅಂತ ಹೆಸರಿಡ್ತೀರಿ."
ಉತ್ತರವಿರಲಿಲ್ಲ.
ಒಂದು ಹನಿ ಮಸೂರದ ಕೆಳಗಿಟ್ಟು, ಕಿಟಕಿಗೆ ಹಿಡಿದು
ಉಪ್ಪು ಓದುತ್ತಿದ್ದೆ: ಒಂದು ಬಿಂದು ಸೊನ್ನೆ ಎರಡು ಐದು.
ಅವಳು ಸಾರಿಗೆ ಉಪ್ಪು ಹಾಕುವುದು ಬೆರಳ ಲೆಕ್ಕದಲ್ಲಿ.
ಇದುವರೆಗೆ ತಪ್ಪಿಲ್ಲ.

ಒಂಬತ್ತು ಮೂವತ್ತೇಳಾಗಿ ಕಲ್ಲು ಸಾಲದಾದಾಗ
ಒಂದು ಮಧ್ಯಾಹ್ನ ಬ್ಲೇಡು ಹಿಡಿದು ಬಿಡಿಸಲು ಕೂತೆ.
ಕೈಗವಸು ಇಲ್ಲ. ತೋರುಬೆರಳಿಗೆ ಹಿಂದಿನ ದಿನವಷ್ಟೇ ಸೂಜಿ ಚುಚ್ಚಿತ್ತು.
ವಿಷ ಚಾಚಾ, ಎಂದು ತೌಫಿಕ್ ಹೇಳಿದ್ದ;
ಇಷ್ಟು ಚಂದದ್ದಕ್ಕೆ ಎಷ್ಟು ವಿಷವಿದ್ದೀತು ಅಂದುಕೊಂಡಿದ್ದೆ.
ಮೊದಲು ತುಟಿ ಜುಮ್ಮೆಂದಿತು.
ನಾಲಿಗೆಯ ಮೇಲೆ ಹಳೇ ಪೈಸೆ ಚೀಪಿದ ರುಚಿ.
ಎದೆ, ಬೆಲ್ಟು ಜಾರಿದ ಮಷೀನು.
ದವಾಖಾನೆಯ ಎಳೆಯ ಡಾಕ್ಟರು ಕೇಳಿದಳು, ಏನು ತಿಂದಿರಿ?
ತಿಂದಿಲ್ಲ, ಅಂದೆ. ಗುಂಡಿ ಬಿಡಿಸುತ್ತಿದ್ದೆ.
ಅವಳು ಅದನ್ನು ಬರೆದುಕೊಳ್ಳಲಿಲ್ಲ.

ಎರಡು ರಾತ್ರಿ ವಾರ್ಡಿನಲ್ಲಿ.
ಎರಡನೆಯ ರಾತ್ರಿ ಚಾಳಿನ ಕೇಬಲ್ ಸುಟ್ಟು
ಹತ್ತರಿಂದ ನಾಲ್ಕರವರೆಗೆ ಕರೆಂಟಿರಲಿಲ್ಲವಂತೆ.
ಹೇಳಿದ್ದು ಪಕ್ಕದ ಖೋಲಿಯ ಸಾಟಮ್, ಬೆಳಿಗ್ಗೆ ಚಹಾ ತಂದಾಗ.
ಆರು ತಾಸು! ಪಂಪು ನಿಂತ ನೀರಿಗೆ ಉಸಿರೆಲ್ಲಿ?
ಟ್ಯಾಕ್ಸಿಯಲ್ಲಿ ಕೂತೇ ಮನಸ್ಸಿನಲ್ಲಿ
ಕಲ್ಲನ್ನು ಚರಂಡಿಗೆ ಎಸೆದಿದ್ದೆ.

ಬಾಗಿಲು ತೆಗೆದರೆ ಎಲ್ಲವೂ ಬಿಚ್ಚಿದ್ದವು,
ನಾನು ಕೊಯ್ದ ಎರಡು ಮಾತ್ರ ಮುದುಡಿ.
"ಸಾಯಲಿಲ್ಲ ನೋಡ್ರಿ, ಹಾಳಾದವು," ಎಂದವಳು
ಅಕ್ಕಿ ತೊಳೆಯಲು ಹೋದಳು.
ಕುಡಿಯಲು ಸ್ಟೀಲಿನ ತಂಬಿಗೆ ಎತ್ತಿದೆ.
ಕಂಠದ ಸುತ್ತ ಬಿಳೀ ಗೆರೆ.
ಇಷ್ಟಾದರೂ ಬುದ್ಧಿ ಬಂದಿರಲಿಲ್ಲ, ನಾಲಿಗೆಗೆ ತಾಗಿಸಿದೆ:
ಉಪ್ಪು.
ಅವಳ ಬಲಭುಜದಿಂದ ನೋವಿನ ಮುಲಾಮಿನ ವಾಸನೆ ಬರುತ್ತಿತ್ತು.
ಎಷ್ಟು ಸಲ ಮೊಗೆದಿರಬೇಕು,
ಎಷ್ಟು ಎತ್ತರದಿಂದ ಸುರಿದಿರಬೇಕು, ಕತ್ತಲಲ್ಲಿ,
ಕೂಸಿಗೆ ಹಾಲು ಆರಿಸುವ ಹಾಗೆ
ನೀರಿಗೆ ಗಾಳಿ ಉಣಿಸುತ್ತಾ!
ನಾನು ಕೇಳಲಿಲ್ಲ.
ಕೇಳಿದರೆ ಮುಚ್ಚಿಕೊಳ್ಳುತ್ತಾಳೆ.

ಈಗ ಕೈಗವಸು, ಕಣ್ಣಿಗೆ ಗಾಜು, ಬ್ಲೇಡಿಗೆ ಬೇರೆ ಡಬ್ಬಿ.
ತಂಬಿಗೆಯೂ ಬೇರೆ; ಕೊರಳಿಗೆ ಅವಳೇ ಕೆಂಪು ದಾರ ಕಟ್ಟಿದ್ದಾಳೆ.
ಹಳೇ ಕೋಟಿನ ನಾಲ್ಕು ತೂತಿನ ಗುಂಡಿಗೆ ಅಂಟು ಹಚ್ಚಿ
ಎರಡು ಬಾಯಿ ಕೂರಿಸಿದ್ದೇನೆ.
ಒಂದು ತೂತು ಮುಚ್ಚಿದೆ. ಇನ್ನೂ ಮೂರಿವೆ.

ಮೊನ್ನೆ ಅಮಾವಾಸ್ಯೆ, ಕಡಲು ದೂರ ಇಳಿದಿತ್ತು.
ಅವಳೇ ಬಸ್ಸು ಹತ್ತಿಸಿದಳು.
ಹಾಜಿ ಅಲಿಯ ಬಂಡೆ, ಗುಟ್ಕಾ ಚೀಟಿ, ಒಂಟಿ ಚಪ್ಪಲಿ,
ಅವುಗಳ ನಡುವೆ ಬಗ್ಗಿ ತೋರಿಸಿದಳು:
ಖಾಕಿ ಬಣ್ಣದವು, ಹವಾಲ್ದಾರನ ಅಂಗಿಯಿಂದ ಉದುರಿದ ಹಾಗೆ,
ಸಾವಿರವೋ, ಹೆಚ್ಚೋ,
ಕೆಸರಿನಲ್ಲಿ ಬಾಯಿ ಬಿಗಿದುಕೊಂಡಿದ್ದವು.
"ಇವಕ್ಕ ಉಪ್ಪು ಯಾರು ಅಳೀತಾರ್ರೀ?"
ಮುಟ್ಟಬೇಡ, ಅಂದೆ.
ಗೊತ್ತದ, ಅಂದಳು.

ಸೀರೆ ಎತ್ತಿ ಸಿಕ್ಕಿಸಿಕೊಂಡಳು, ನಾನು ಪ್ಯಾಂಟು ಮಡಚಿದೆ.
ನೀರು ಹತ್ತತೊಡಗಿತು, ಪಾದ ಮುಳುಗಿತು,
ದಡದಿಂದ ಯಾರೋ ಮರಾಠಿಯಲ್ಲಿ ಕೂಗಿ ಕರೆದರು.
ಇನ್ನೊಂದು ಅಲೆ ಬರಲಿ, ಅಂದಳು ಮಹಾನಂದಾ,
ಬಿಚ್ಚೋದು ನೋಡಬೇಕು.