ದರಪಟ್ಟಿ

ನವನಗರದ ಆಸ್ಪತ್ರೆ, ಮೂರನೇ ಕೌಂಟರು.
ಗಾಜಿನ ಈಚೆ ನಾನು, ಆಚೆ ದಾವಲಸಾಬ ನದಾಫ,
ಗಾದಿ ಹೊಲಿಯುವವ.
ನಲವತ್ತು ವರ್ಷ ಹಿಂಜಿದ ಅರಳೆ
ಎದೆಯಲ್ಲೇ ಕೂತು ಸೀಟಿ ಊದುತ್ತಿದೆ.

ಕಂಪನಿ ಕೇಳುತ್ತದೆ: ಈ ಕೆಮ್ಮು
ಪಾಲಿಸಿಗಿಂತ ಮೊದಲಿನದೋ, ಆಮೇಲಿನದೋ?
‘ಕೆಮ್ಮಿಗೆ ತಾರೀಖ ಯಾರು ಬರದಿಡತಾರ್ರಿ?’

ಸರಕಾರದ ಕಾರ್ಡೂ ಇದೆ ಅವನ ಕಿಸೆಯಲ್ಲಿ,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟದ್ದು;
ಅದರ ಪಟ್ಟಿಯಲ್ಲಿ ಈ ಪರೀಕ್ಷೆ ಇಲ್ಲ.

ಬೆಂಚಿನ ಮೇಲೆ ಯಾರೋ ಬಿಟ್ಟುಹೋದ ಪೇಪರು:
ಅದೇ ಕಂಪನಿಯ ದೊಡ್ಡ ಸಾಹೇಬರ ವರ್ಷದ ಪಗಾರ.
ಸೊನ್ನೆ ಎಣಿಸುತ್ತ ಎಲ್ಲೋ ತಪ್ಪಿದೆ, ಮತ್ತೆ ಮೊದಲಿಂದ ಎಣಿಸಿದೆ.
ಕೆಳಗೆ ಸಣ್ಣ ಅಕ್ಷರದಲ್ಲಿ, ಕಂತು ಏರಿಸುವುದು ಅನಿವಾರ್ಯ.
ಅದರ ಕೆಳಗೆ ಮಂತ್ರಿಗಳ ಮಾತು:
ಪಗಾರ ಅವರ ಮನೆಯ ವಿಚಾರ, ನಾವು ಕೈ ಹಾಕುವುದಿಲ್ಲ.

ಕೈ ಹಾಕುವುದಿಲ್ಲವಂತೆ.
ಹಳೇ ಬಾಗಲಕೋಟೆಗೆ ಹಿನ್ನೀರು ಬರುವ ಮೊದಲು
ಟೇಪು ಹಿಡಿದು ನಮ್ಮ ಓಣಿಗೆ ಬಂದವರು ಯಾರು ಮತ್ತೆ?
ಬೇವಿನ ಮರಕ್ಕಿಷ್ಟು, ಹಗೇವಿಗಿಷ್ಟು,
ಅವ್ವ ರೊಟ್ಟಿ ಬಡಿಯುವ ಒಲೆಕಟ್ಟೆಗೂ ಒಂದು ದರ.
ಅಪ್ಪ ಬೇವಿಗೆ ನೂರು ರೂಪಾಯಿ ಜಾಸ್ತಿ ಕೇಳಿದ್ದಕ್ಕೆ
‘ದರ ಕಟ್ಟೋರು ನಾವು’ ಅಂದಿದ್ದರು.

ಪೇಪರು ಓದಿ ಹೇಳಿದೆ. ದಾವಲಸಾಬ ಉಸಿರು ಹಿಡಿದು ನಕ್ಕ:
‘ಅರಳಿ ಒಂದ ಮೂಲ್ಯಾಗ ಸೇರಿದ್ರ ಗಾದಿ ಗಂಟ ಕಟ್ಟತೈತ್ರಿ,
ಬಿಚ್ಚಿ ಹಿಂಜಬೇಕ.
ಹೊಲಿಗಿ ಬಿಚ್ಚೂ ಕತ್ತರಿ ಯಾರ ಕೈಯಾಗೈತಿ,
ಅವರ ಅದರ ಮ್ಯಾಲ ಮಲಕೊಂಡಾರ.’

ಪರದೆಯ ಮೇಲೆ ಎರಡೇ ಗುಂಡಿ: ಮೊದಲು, ಆಮೇಲೆ.
ಅವನ ಹಿಂದೆ ಹದಿನೇಳು ಜನ.
ಅವನ ಕೆಮ್ಮು ನಿಲ್ಲುವವರೆಗೆ ಕಾದು
‘ಆಮೇಲೆ’ ಒತ್ತಿದೆ.
ಪ್ರಿಂಟರಿನಲ್ಲಿ ಕಾಗದ ಮುಗಿದಿತ್ತು.