ಇನ್ನೂ ಇಲ್ಲ ಎಂದಳು

ನಾನು ಸದ್ದಿನವನು. ಚಿತ್ರ ನನ್ನ ತಲೆನೋವಲ್ಲ.
ಆದರೂ ಸೊಲೊಂಗೊ ನನ್ನನ್ನೇ ಎಳೆದೊಯ್ದಳು
ಉಲಾನ್‌ಬಾತರಿನ ಆ ನೆಲಮಾಳಿಗೆಯ ಅಂಗಡಿಗೆ.
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ,
ಬೀದಿದೀಪಗಳ ಕೊರಳಿಗೆ ಕಲ್ಲಿದ್ದಲ ಹೊಗೆ.

ಗಾಜಿನ ಮೇಜಿನ ಮೇಲೆ ಎರಡು ಕ್ಯಾಮೆರಾ.
ಒಂದು ದೊಡ್ಡದು, ಗಂಭೀರ.
ಕಗ್ಗತ್ತಲಲ್ಲೂ ಕರಡಿಯ ಕೂದಲು ಎಣಿಸುತ್ತದೆ
ಎಂದ ಅಂಗಡಿಯ ಹುಡುಗ.
ಇನ್ನೊಂದು ಒಂದು ಪೌಂಡು ಬ್ರೆಡ್ಡಿನಷ್ಟು,
ಮೂಲೆ ಸವೆದದ್ದು, ಮೂರು ಕೈ ದಾಟಿದ್ದು,
ಪರದೆಯ ಮೇಲೆ ಯಾರದೋ ಉಗುರಿನ ಗೀರು.
"ಯಾರದಿತ್ತು?"
"ಮದುವೆ ತೆಗೆಯುತ್ತಿದ್ದವನದು.
ಅವನದೇ ಮದುವೆ ಮುರಿಯಿತು, ಮಾರಿಬಿಟ್ಟ."
ಸೊಲೊಂಗೊ ನಗಲಿಲ್ಲ. ಬೆಲೆ ಕೇಳಿದಳು.

ಮೂರು ವಾರದಿಂದ ಇದೇ ಪಾರಾಯಣ:
ಸೆನ್ಸರ್ ಎಷ್ಟಗಲ, ಬಣ್ಣ ಎಷ್ಟು ಬಿಟ್ಟು,
ನೆರಳಿನಿಂದ ಬೆಳಕಿಗೆ ಎಷ್ಟು ಮೆಟ್ಟಿಲು,
ಹಳೆಯ ರಷ್ಯನ್ ಲೆನ್ಸಿಗೆ ಯಾವ ಬಳೆ ಕೂಡುತ್ತದೆ.
ಟ್ರಾಲಿಬಸ್ಸಿನಲ್ಲಿ ಜೋತುಬಿದ್ದು, ನೂಡಲ್ಸ್ ಸುರಿಯುತ್ತ,
ನಡುರಾತ್ರಿ ಫೋನಿನಲ್ಲಿ.
ಹೆಣ್ಣು ನೋಡಲು ಹೋದವರೂ
ಇಷ್ಟು ಅಳೆದು ಸುರಿಯಲಾರರು.

ಸಿನಿಮಾ ಏನೆಂದರೆ ದಮ್ದಿನ್.
ಬೆಟ್ಟದಡಿಯ ಶಾಲೆಯ ಬಾಯ್ಲರಿಗೆ
ರಾತ್ರಿಯಿಡೀ ಇದ್ದಿಲು ಎತ್ತಿ ಹಾಕುವವನು.
ಅಷ್ಟೇ. ಕಥೆ ಇಲ್ಲ.
ಬೆಳಿಗ್ಗೆ ಎಂಟಕ್ಕೆ ಮಕ್ಕಳು ಬಂದು ಕೋಟು ಕಳಚುತ್ತವೆ,
ಕಳಚಲು ಹೇಗಾಯಿತು ಎಂದು ಯಾವ ಮಗುವೂ ಕೇಳುವುದಿಲ್ಲ.

ಒಂದು ರಾತ್ರಿಯ ಮಟ್ಟಿಗೆ ಎರಡನ್ನೂ ಬಾಡಿಗೆಗೆ ತಂದೆವು.
ದೊಡ್ಡದನ್ನು ಮುಕ್ಕಾಲಿಯ ಮೇಲೆ ಕೂರಿಸಿದ್ದೇ ತಡ
ದಮ್ದಿನ್ ಹೋಗಿ ಮುಖ ತೊಳೆದು ಬಂದ,
ಕತ್ತಿನ ಗುಂಡಿ ಹಾಕಿದ,
ಸಲಿಕೆಯನ್ನು ಬಂದೂಕಿನಂತೆ ಹಿಡಿದು ಸೆಟೆದು ನಿಂತು
ಕರ್ತವ್ಯ, ಉತ್ಪಾದನೆ ಎಂದೆಲ್ಲ ಶುರುಮಾಡಿದ
ಯಾವುದೋ ತೀರಿಹೋದ ಸರ್ಕಾರದ ದನಿಯಲ್ಲಿ.
ಬೆಂಕಿ ಮಾತ್ರ, ಹೇಳಲೇಬೇಕು, ಅದ್ಭುತವಾಗಿ ಬಂದಿತ್ತು.

ಚಿಕ್ಕದನ್ನು ಅವಳು ಹೊಟ್ಟೆಗೆ ಆನಿಸಿ ಹಿಡಿದಳು.
ಅದರೊಳಗೊಂದು ಫ್ಯಾನು, ಜೀರುಂಡೆ ನುಂಗಿದ ಹಾಗೆ.
ಹೆಡ್‌ಫೋನ್ ಕಿತ್ತು ಹೇಳಿದೆ: ಇದು ಸುತರಾಂ ಬೇಡ.
ಬ್ಯಾಟರಿಯೋ, ಇದ್ದಿಲ ರಾಶಿಯ ಅಂಗಳಕ್ಕೆ ಹೋದ
ಹನ್ನೊಂದನೇ ನಿಮಿಷಕ್ಕೆ ಗೊಟಕ್.
ಅವಳು ತುಟಿ ಬಿಚ್ಚದೆ ಕಂಕುಳಿಗೆ ಕೈಹಾಕಿ
ಇನ್ನೊಂದು ತೆಗೆದಳು, ಆಮೇಲೆ ಮತ್ತೊಂದು,
ಕಾವಿಗೆ ಕೂತ ಕೋಳಿಯ ಅಡಿಯಿಂದ ಮೊಟ್ಟೆ ತೆಗೆದಂತೆ.
ಹಬೆ ಎದ್ದಿತು ಅವುಗಳಿಂದ. ನನಗಂತೂ ಹಾಗೆ ಕಂಡಿತು.

ಒಲೆಯ ಬಾಗಿಲು ತೆರೆದಾಗೆಲ್ಲ
ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತಿತ್ತು.
ತೋರಿಸಿದೆ. "ಸುಡಲಿ" ಎಂದಳು,
"ಅವನ ಕಣ್ಣಿಗೂ ಹಾಗೇ ಕಾಣುತ್ತದೆ."

ಚಿಕ್ಕದನ್ನೇ ಕೊಂಡೆವು.
ಅವಳಲ್ಲಿ ಇದ್ದದ್ದು ಸಾಲಲಿಲ್ಲ.
ನನ್ನ ಎರಡನೆಯ ಮೈಕು ಮಾರಿದೆ,
ಒಳ್ಳೆಯ ಮೈಕು, ಹಿಮ ಬೀಳುವುದನ್ನೂ ಹಿಡಿಯುತ್ತಿತ್ತು.
ಯಾಕೆ ಮಾರಿದೆನೋ, ಇವತ್ತಿಗೂ ತಿಳಿಯದು.

ಮೊದಲ ರಾತ್ರಿ ಕ್ಯಾಮೆರಾದ ಕೆಂಪು ದೀಪಕ್ಕೆ
ಒಂದು ಚೂರು ಕರಿ ಟೇಪು ಅಂಟಿಸಿದ್ದಳು.
ದಮ್ದಿನ್ ಬೂಟು ಕಳಚಿ,
ಕಾಲುಚೀಲದ ತೂತಿನಿಂದ ಇಣುಕಿದ ಹೆಬ್ಬೆರಳನ್ನು
ಬೆಂಕಿಗೆ ತೋರಿಸುತ್ತ ಕೇಳಿದ:
"ಶುರುವಾಯಿತಾ?"
"ಇನ್ನೂ ಇಲ್ಲ" ಎಂದಳು.

ಆಗ ಅವನು ಉಪ್ಪುಚಹಾ ಗುಟುಕರಿಸಿ
ತನ್ನಷ್ಟಕ್ಕೆ ಏಳರ ಮಗ್ಗಿ ಗುನುಗತೊಡಗಿದ,
ಇಷ್ಟು ವರ್ಷ ಮೇಲಿನ ತರಗತಿಯಿಂದ
ಕೊಳವೆಗಳೊಳಗೆ ಇಳಿದು ಬಂದದ್ದು ಇರಬೇಕು.
ಏಳಾರ್ಲ ನಲವತ್ತೆರಡು.
ಏಳೇಳ್ಲ ನಲವತ್ತೊಂಬತ್ತು.
ಏಳೆಂಟ್ಲ ಐವತ್ತನಾಲ್ಕು, ಎಂದು ತಡೆದ,
ಒಲೆಯ ಕಡೆ ನೋಡಿದ,
ಯಾರಾದರೂ ತಿದ್ದುತ್ತಾರೇನೋ ಎಂಬಂತೆ.

ಜೀರುಂಡೆಯನ್ನು ಸೋಸಬಹುದು, ಸೋಸಿದೆ.
ಅವಳ ಆ ಎರಡು ಮಾತು ಟ್ರ್ಯಾಕಿನಲ್ಲಿ ಹಾಗೇ ಇವೆ,
ಯಾವ ಫಿಲ್ಟರೂ ಮುಟ್ಟದೆ.
ಇಡುವುದೋ ಕತ್ತರಿಸುವುದೋ
ದಮ್ದಿನ್‌ನನ್ನು ಕೇಳಬೇಕು.
ನಾಳೆ ರಾತ್ರಿ ಅವನದೇ ಪಾಳಿ.